ಇನ್ನೂರ ಹದಿನಾಲ್ಕರಿಂದ ಒಂಬತ್ತಕ್ಕೆ

ಬಿಶ್ಕೆಕ್ ನಗರದ ಒಂದು ಸಾಫ್ಟ್‌ವೇರ್ ಕಂಪನಿಗೆ ಜಿಪಾರ ಎರಡನೆಯ ಸಲ ಕೆಲಸಕ್ಕೆ ಸೇರಿದ ದಿನ, ಸಿಬ್ಬಂದಿಯ ಕಾಗದಪತ್ರ ನೋಡಿಕೊಳ್ಳುವ ವೇರಾ ನಿಕೊಲಾಯೆವ್ನಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದಳು:

“ಐದು ವರ್ಷ ಎಲ್ಲಿದ್ದೆ ಹುಡುಗಿ? ಜೈಲಲ್ಲಿದ್ಯೋ, ಮಾಸ್ಕೋದಲ್ಲಿದ್ಯೋ?”

“ಆತ್‌ಬಾಶಿಯಲ್ಲಿದ್ದೆ. ಮಾವನವರಿಗೆ ಲಕ್ವ ಹೊಡೆದಿತ್ತು.”

“ಲಕ್ವ ಐದು ವರ್ಷ ಇರುತ್ತಾ?”

“ಮಾವ ಇರೋವರೆಗೂ ಇರುತ್ತೆ.”

ವೇರಾ ನಗಲಿಲ್ಲ. ಫಾರಂನಲ್ಲಿ ಆ ಐದು ವರ್ಷದ ಖಾಲಿ ಜಾಗದ ಎದುರು ‘ಮನೆಯ ಕಾರಣ’ ಎಂದು ಶಾಯಿಯಲ್ಲಿ ಬರೆದಳು. ಆಮೇಲೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಪ್ರಶ್ನೆಯ ಗುರುತು ಹಾಕಿದಳು. ಶಾಯಿಯ ಮಾತು ಜಿಪಾರಳಿಗೆ ಆವತ್ತೇ ಮರೆತುಹೋಯಿತು. ಪೆನ್ಸಿಲ್ಲಿನ ಗುರುತು ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ಕೆಲಸ ಸಿಕ್ಕಿದ್ದೇನೋ ನಿಜ, ಆದರೆ ಮೂರು ತಿಂಗಳ ಪರೀಕ್ಷೆಯ ಮೇಲೆ. ಅಷ್ಟರೊಳಗೆ ಕೈಗೆ ತುಕ್ಕು ಹಿಡಿದಿಲ್ಲವೆಂದು ತೋರಿಸಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು. ಪ್ರೋಗ್ರಾಂ ಬರೆಯುವವರ ಲೋಕದಲ್ಲಿ ಐದು ವರ್ಷವೆಂದರೆ ಒಂದು ತಲೆಮಾರು. ಇವಳು ಬಿಟ್ಟುಹೋಗುವಾಗ ಕಲಿಯಲು ಬಂದಿದ್ದ ತಿಲೇಕ್ ಈಗ ಇವಳ ತಂಡದ ಮುಖ್ಯಸ್ಥ. ಅವನು ಬರೆದ ಮೊಟ್ಟಮೊದಲ ಕೋಡನ್ನು ಜಿಪಾರ ನಾಲ್ಕು ಸಲ ತಿರುಗಿಸಿ ಕಳಿಸಿದ್ದಳು. ನಾಲ್ಕನೆಯ ಸಲ ‘ಇದನ್ನೇನು ಕುದುರೆ ತುಳಿದಿದೆಯಾ?’ ಎಂದು ಅಡಿಯಲ್ಲಿ ಬರೆದಿದ್ದಳು. ಅದನ್ನು ಅವನು ಮರೆತಿದ್ದಾನೋ, ಗಂಟು ಕಟ್ಟಿ ಇಟ್ಟುಕೊಂಡಿದ್ದಾನೋ? ಅವನು ಬೆಳಿಗ್ಗೆ ಬಂದು “ಎಜೆ, ಚೆನ್ನಾಗಿದ್ದೀರಾ?” ಎಂದಾಗಲೆಲ್ಲ ಅವಳು ಆ ‘ಅಕ್ಕ’ ಎನ್ನುವ ಮಾತಿನ ಅಡಿಯಲ್ಲಿ ಏನಿದೆ ಎಂದು ಹುಡುಕುತ್ತಿದ್ದಳು.

ಮನೆಯಲ್ಲಿ ಇನ್ನೊಂದು ಗಡುವು ಕಾದಿತ್ತು. ಗಂಡ ಅಸ್ಕಾತ್ ಚೀನಾ ಗಡಿಯಿಂದ ಸರಕು ತರುವ ಲಾರಿ ಓಡಿಸುತ್ತಾನೆ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗ ಬೆಕ್ತುರನಿಗೆ ಐದು ತುಂಬುತ್ತಾ ಬಂದಿತ್ತು. ಮಾವ ತೀರಿಹೋಗಿ ನಲವತ್ತನೆಯ ದಿನದ ಊಟ ಮುಗಿದ ಮೇಲೆ ಅತ್ತೆ ಉಲ್ಕಾನ್ ಅಪಾ ಬೆಟ್ಟದೂರು ಆತ್‌ಬಾಶಿಯಿಂದ ಇವರ ಜೊತೆಗೇ ಬಂದು, ಐದನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಹುಡುಗನನ್ನು ನೋಡಿಕೊಳ್ಳುತ್ತಿದ್ದಳು. ಬಂದ ದಿನವೇ ಹೇಳಿಬಿಟ್ಟಿದ್ದಳು:

“ಸೆಪ್ಟೆಂಬರ್ ಒಂದರವರೆಗೆ ಇರ್ತೀನಿ. ಅಷ್ಟರಲ್ಲಿ ಶಿಶುವಿಹಾರದಲ್ಲಿ ಜಾಗ ಸಿಕ್ತೋ, ಸರಿ. ಸಿಗಲಿಲ್ವೋ, ನನ್ನ ಹುಡುಗನ್ನ ನಾನು ಕರ್ಕೊಂಡು ಹೋಗ್ತೀನಿ. ಈ ಐದನೇ ಮಹಡಿ ಗೂಡಲ್ಲಿ ಕುರಿಮರೀನೂ ಕಟ್ಟಬಾರದು.”

‘ನನ್ನ ಹುಡುಗ.’ ಚೊಚ್ಚಲ ಮೊಮ್ಮಗ ಅಜ್ಜ ಅಜ್ಜಿಯ ಪಾಲು ಎನ್ನುವುದು ಬೆಟ್ಟದವರ ರೂಢಿ. ಬೆಕ್ತುರ್ ಅಜ್ಜಿಯನ್ನು ಅಪಾ ಎನ್ನುತ್ತಿದ್ದ, ಅಂದರೆ ಅಮ್ಮ. ಹೆತ್ತವಳನ್ನು ಮನೆಯವರೆಲ್ಲ ಕೂಗಿದಂತೆ ಹೆಸರು ಹಿಡಿದೇ ಕೂಗುತ್ತಿದ್ದ. “ಜಿಪಾರ, ನೀರು ಕೊಡು. ಜಿಪಾರ, ನನ್ನ ಬೂಟು ಎಲ್ಲಿ?” ಮಾವನನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತಿದ್ದ ಐದು ವರ್ಷದಲ್ಲಿ ಅದರ ಬಗ್ಗೆ ಅವಳು ಬಾಯಿ ತೆರೆದಿರಲಿಲ್ಲ. ಪೇಟೆಗೆ ಹೋದ ಮೇಲೆ ಸರಿಹೋಗುತ್ತದೆ ಎಂದುಕೊಂಡಿದ್ದಳು. ಹುಡುಗ ಸೆಪ್ಟೆಂಬರಿನಲ್ಲಿ ಬೆಟ್ಟ ಹತ್ತಿದರೆ ಮುಗಿಯಿತು, ಮತ್ತೆ ಇಳಿಯುವುದು ಮೀಸೆ ಬಂದ ಮೇಲೆಯೇ.

ಶಿಶುವಿಹಾರದ ಸರದಿಯಲ್ಲಿ ಅವನ ಹೆಸರನ್ನು ಅವಳು ಬರೆಸಿದ್ದು ಈ ಜೂನ್ ತಿಂಗಳಲ್ಲಿ. ಸಂಖ್ಯೆ ಇನ್ನೂರ ಹದಿನಾಲ್ಕು. ಈ ವರ್ಷ ಖಾಲಿಯಿದ್ದ ಜಾಗ ನಲವತ್ತು.

ಸುತ್ತಲಿನ ಒಂಬತ್ತು ಶಿಶುವಿಹಾರಗಳ ಕೂಟಕ್ಕಾಗಿ, ಎಲ್ಲ ತಾಯಂದಿರಿಗೂ ಕಾಣುವ ಆ ಸರದಿ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದುದು ಜಿಪಾರಳ ಕಂಪನಿಯೇ. ಅದರಲ್ಲೇನೂ ಗುಟ್ಟಿರಲಿಲ್ಲ. ಸೇರುವಾಗಲೇ ಅವಳು ತಿಲೇಕನಿಗೆ, “ನನ್ನ ಮಗನೂ ಆ ಪಟ್ಟಿಯಲ್ಲಿದ್ದಾನೆ” ಎಂದಿದ್ದಳು. “ಈ ಊರಲ್ಲಿ ಯಾರ ಮಗ ಇಲ್ಲ ಹೇಳಿ ಎಜೆ?” ಎಂದು ಅವನು ನಕ್ಕಿದ್ದ.

ಆಗಸ್ಟ್ ಮಧ್ಯದಲ್ಲಿ ಅವಳಿಗೆ ಸಿಕ್ಕ ಕೆಲಸ ಹೀಗಿತ್ತು. ಕಂಪ್ಯೂಟರ್ ಬರುವ ಮೊದಲು ಶಿಶುವಿಹಾರಗಳು ಕಾಗದದ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವು. ಕೆಲವು ಕಡೆ ಕಂಪ್ಯೂಟರ್ ಬಂದ ಮೇಲೂ ಬರೆದುಕೊಂಡಿದ್ದರು. ನಾವು ಅಂದೇ ಬರೆಸಿದ್ದೆವು, ನಮ್ಮ ಹೆಸರು ಎಲ್ಲಿ ಹೋಯಿತು ಎಂದು ತಾಯಂದಿರು ಜಗಳ ತೆಗೆದ ಮೇಲೆ, ಆ ಹಳೆಯ ಪುಸ್ತಕಗಳನ್ನೆಲ್ಲ ಪಟ್ಟಿಗೆ ಸೇರಿಸಬೇಕೆಂದು ಕೂಟ ತೀರ್ಮಾನಿಸಿತ್ತು. ಟೈಪು ಮಾಡುವವರು ಟೈಪು ಮಾಡಿದರು. ಜಿಪಾರ ಅದನ್ನೆಲ್ಲ ಸೋಸಿ, ಜೋಡಿಸಿ, ಸೋಮವಾರ ಸಂಜೆ ಪಟ್ಟಿಗೆ ಸೇರಿಸಿ ಮನೆಗೆ ಹೋದಳು. ಐದು ವರ್ಷದ ಮೇಲೆ ಮಾಡಿದ ಮೊದಲ ದೊಡ್ಡ ಕೆಲಸ. ಟ್ರಾಲಿಬಸ್ಸಿನಲ್ಲಿ ನಿಂತುಕೊಂಡೇ ಅವಳಿಗೆ ಹಾಡು ಬರುವಂತಾಗಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಒಳಗೆ ಕಾಲಿಟ್ಟಾಗ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ತಿಲೇಕ್ ನಿಂತೇ ಇದ್ದ.

“ಎಜೆ, ಒಂದು ನಿಮಿಷ. ನಿನ್ನೆ ಸಂಜೆವರೆಗೆ ಬೆಕ್ತುರ್ ಎಷ್ಟರಲ್ಲಿದ್ದ?”

“ಇನ್ನೂರ ಹದಿನಾಲ್ಕು.”

“ಈಗ ನೋಡಿ.”

ಪರದೆಯ ಮೇಲೆ ಒಂಬತ್ತು ಎಂದಿತ್ತು. ಜಿಪಾರಳಿಗೆ ಮೊದಲು ಬಂದದ್ದು ಸಂತೋಷ. ಅದು ಮುಖದ ಮೇಲೆ ಒಂದು ಗಳಿಗೆ ಕಂಡಿರಬೇಕು, ಯಾಕೆಂದರೆ ತಿಲೇಕ್ ಅದನ್ನೇ ನೋಡುತ್ತಿದ್ದ. ಅವನು ನೋಡಿದ್ದನ್ನು ಇವಳೂ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿಕೊಳ್ಳುತ್ತಾನೆ ಎನ್ನುತ್ತಾರೆ. ಕದಿಯದವರ ಕೈಯೂ ಹೆಗಲಿಗೇ ಹೋಗುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು.

“ನಾನು ಮುಟ್ಟಿಲ್ಲ ತಿಲೇಕ್.”

“ಮುಟ್ಟಿದೀರಿ ಅಂತ ನಾನೆಲ್ಲಿ ಹೇಳಿದೆ? ತಾಯಂದಿರ ವಾಟ್ಸಾಪ್ ಗುಂಪು ಹೇಳ್ತಿದೆ. ಬೆಳಗ್ಗೆ ಆರು ಗಂಟೆಯಿಂದ ಹೇಳ್ತಿದೆ.” ಅವನು ಫೋನು ಅವಳ ಕಡೆ ತಿರುಗಿಸಿದ.

ಒಂಬತ್ತರಿಂದ ಹತ್ತಕ್ಕೆ ಇಳಿದ ಮಗುವಿನ ತಾಯಿ ಬರೆದಿದ್ದಳು: ‘ಇನ್ನೂರರ ಆಚೆ ಇದ್ದ ಹುಡುಗ ರಾತ್ರಿ ಬೆಳಗಾಗೋದ್ರಲ್ಲಿ ಒಂಬತ್ತಕ್ಕೆ ಬಂದಿದ್ದಾನೆ. ಅವರಮ್ಮ ಆ ಪಟ್ಟಿ ಮಾಡೋ ಆಫೀಸಲ್ಲೇ ಇದ್ದಾಳಂತೆ. ಅವರಜ್ಜಿ ಆಟದ ಬಯಲಲ್ಲಿ ಕೂತು ತಾನೇ ಹೇಳಿದ್ಲು.’ ಅದರ ಕೆಳಗೆ ಎಂಬತ್ತೇಳು ಉತ್ತರಗಳು.

ಉಲ್ಕಾನ್ ಅಪಾಳ ಜಂಬ! ಬಯಲಿನ ಬೆಂಚಿನ ಮೇಲೆ ಕೂತು ಒಣ ಮೊಸರಿನ ಉಂಡೆ ಚೀಪುತ್ತ, ‘ನನ್ನ ಸೊಸೆ ಸಾಮಾನ್ಯದವಳಲ್ಲ’ ಎಂದಿರುತ್ತಾಳೆ. ಮನೆಯಲ್ಲಿ ಒಂದು ದಿನವೂ ಸೊಸೆಯನ್ನು ಹೊಗಳಿದವಳಲ್ಲ.

“ಶುಕ್ರವಾರ ಕೂಟದವರು ಬರ್ತಾರೆ. ಅಷ್ಟರಲ್ಲಿ ಇದು ಹೇಗಾಯ್ತು ಅಂತ ನನಗೆ ಗೊತ್ತಾಗಬೇಕು,” ತಿಲೇಕ್ ತಗ್ಗಿದ ದನಿಯಲ್ಲಿ ಹೇಳಿದ. “ಪಟ್ಟಿ ಬದಲಾಯಿಸೋ ಹಕ್ಕು ನಿಮ್ಮಿಂದ ತೆಗೆದಿದ್ದೀನಿ. ನೋಡಬಹುದು, ಅಷ್ಟೇ. ಬೇಜಾರು ಮಾಡ್ಕೋಬೇಡಿ.”

“ಗೊತ್ತಾಗದೆ ಹೋದ್ರೆ?”

ಅವನು ಫೋನು ಜೇಬಿಗೆ ಹಾಕಿಕೊಂಡು ತನ್ನ ಮೇಜಿಗೆ ಹೋದ. ಗೊತ್ತಾಗದೆ ಹೋದರೆ ಏನೆಂದು ಅವಳಿಗೂ ಗೊತ್ತಿತ್ತು. ಐದು ವರ್ಷದ ಖಾಲಿ ಜಾಗ ಇರುವವಳನ್ನು ಇನ್ನೊಬ್ಬರು ಹೇಗೋ ಸೇರಿಸಿಕೊಂಡಾರು. ಖಾಲಿ ಜಾಗದ ಜೊತೆಗೆ ಕಳ್ಳಿ ಎನ್ನುವ ಹೆಸರೂ ಇದ್ದರೆ ಬಾಗಿಲು ತೆರೆಯುವವರಾರು?

ಜಿಪಾರ ಕುರ್ಚಿಯಲ್ಲಿ ಕೂತು ಯೋಚಿಸಿದಳು. ಮೊದಲ ಅನುಮಾನ ತಿಲೇಕನ ಮೇಲೆಯೇ ಹೋಯಿತು. ಕುದುರೆ ತುಳಿದ ಮಾತಿಗೆ ಈಗ ಸೇಡು. ಈ ಕೆಲಸವನ್ನು ನನಗೇ ಯಾಕೆ ಕೊಟ್ಟ? ನನ್ನ ಮಗ ಪಟ್ಟಿಯಲ್ಲಿದ್ದಾನೆ ಎಂದು ತಿಳಿದೂ ಕೊಟ್ಟನಲ್ಲ! ಚಹಾ ಮಾಡುವ ಮೂಲೆಗೆ ಹೋದರೆ ವೇರಾ ತನ್ನ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು. ಅವಳು ದಿನವೂ ಹಾಕುತ್ತಿದ್ದಳೋ, ಆವತ್ತು ಮಾತ್ರವೋ?

ಪಟ್ಟಿಯಲ್ಲಿ ಏನು ಯಾವಾಗ ಬದಲಾಯಿತು ಎಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳು ಅಲ್ಲಿಗೆ ಬಂದಳು. ಯಾರೂ ಕೈಯಿಂದ ಸಂಖ್ಯೆ ಬದಲಾಯಿಸಿರಲಿಲ್ಲ. ಒಂದು ನಿಯಮ ಬದಲಾಯಿಸಿತ್ತು: ಒಂದೇ ಮಗುವಿನ ಹೆಸರು ಎರಡು ಸಲ ಬಂದರೆ, ಹಳೆಯ ತಾರೀಖನ್ನು ಉಳಿಸಿ ಎರಡನ್ನೂ ಒಂದು ಮಾಡು. ಆ ನಿಯಮವನ್ನು ಬರೆದವರು ಯಾರೆಂದು ಒತ್ತಿ ನೋಡಿದಳು. ಪ್ರತಿ ಸಾಲಿನ ಪಕ್ಕದಲ್ಲೂ ಬರೆದವರ ಹೆಸರು ಬರುತ್ತದೆ.

ಜಿಪಾರ ಎಂದು ಬಂತು. ತಾರೀಖು, ಅವಳು ಏಳು ತಿಂಗಳ ಬಸುರಿಯಾಗಿ ಕೆಲಸ ಬಿಟ್ಟ ವಾರದ್ದು.

ನಿಯಮ ಅವಳದು, ಪಟ್ಟಿಗೆ ಪುಸ್ತಕ ಸೇರಿಸಿದವಳು ಅವಳು, ಮೇಲೆ ಬಂದ ಹುಡುಗ ಅವಳ ಹುಡುಗ. ತಾನೇ ಇನ್ನೊಬ್ಬಳ ಕಡತ ನೋಡುತ್ತಿದ್ದಿದ್ದರೆ, ಇವಳೇ ಎಂದು ಇಷ್ಟು ಹೊತ್ತಿಗೆ ತೀರ್ಪು ಕೊಟ್ಟುಬಿಡುತ್ತಿದ್ದಳು.

ಆದರೆ ಎರಡು ಸಲ ಎಂದರೇನು? ಜೂನಿನಲ್ಲಿ ಬರೆಸಿದ್ದು ಒಂದು ಸಲ. ಇನ್ನೊಂದು ಸಲ ಯಾರು ಬರೆಸಿದರು?

ಆಗ ಅವಳಿಗೆ ಶನಿವಾರ ನೆನಪಾಯಿತು. ಅಪಾ ಬೆಳಿಗ್ಗೆಯೇ ಒಂದು ಗಂಟು ಹಿಡಿದು ಹೊರಟಿದ್ದಳು. ಎಲ್ಲಿಗೆ ಎಂದರೆ, “ಮುದುಕಿ ಎಲ್ಲಿಗೆ ಹೋದ್ರೇನು” ಎಂದಿದ್ದಳು. ಬರುವಾಗ ಗಂಟು ಇರಲಿಲ್ಲ. ಶಿಶುವಿಹಾರದ ಮುಖ್ಯೋಪಾಧ್ಯಾಯಿನಿಗೆ ಒಣಗಿಸಿದ ಕುದುರೆ ಮಾಂಸ ಒಯ್ದು ಕೊಟ್ಟಳೇ? ಹಳೆಯ ಪುಸ್ತಕದಲ್ಲಿ ಹೊಸ ಸಾಲು ಬರೆಸಿದಳೇ?

ಆ ಹಳೆಯ ಪುಸ್ತಕಗಳು ವೇರಾಳ ಕಪಾಟಿನಲ್ಲಿದ್ದವು. ಬುಧವಾರ ಜಿಪಾರ ಹೋಗಿ ಕೇಳಿದಳು.

“ಕೊಡ್ತೀನಿ,” ವೇರಾ ಕೀಲಿ ತೆಗೆದಳು. “ಆದ್ರೆ ನಾನು ಪಕ್ಕದಲ್ಲೇ ನಿಂತಿರ್ತೀನಿ. ನಿನ್ನ ಮೇಲೆ ಅನುಮಾನ ಅಂತಲ್ಲ. ನನಗೆ ಎಲ್ಲರ ಮೇಲೂ ಅನುಮಾನ.”

ನಾಲ್ಕನೆಯ ಶಿಶುವಿಹಾರದ ಪುಸ್ತಕಕ್ಕೆ ಕಂದು ಬಣ್ಣದ ಮೇಣದ ಬಟ್ಟೆಯ ಹೊದಿಕೆ. ಪುಟ ಮೂವತ್ತೊಂದು. ಶಾಯಿ ಹಳೆಯದು, ಮಾಸಿದ ನೀಲಿ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ತುರುಕಿದ್ದಲ್ಲ. ಜಿಪಾರ ಬೆರಳಿಟ್ಟು ಓದಿದಳು. ಮಗು: ಬೆಕ್ತುರ್. ಜನನ ಪತ್ರದ ಸಂಖ್ಯೆ ಸರಿಯಾಗಿತ್ತು. ತಾರೀಖು, ಹುಡುಗ ಹುಟ್ಟಿ ಹತ್ತೊಂಬತ್ತನೆಯ ದಿನ. ತಂದೆ: ಜುಮಾಬೆಕ್. ಅದು ಮಾವನ ಹೆಸರು. ತಾಯಿ: ಉಲ್ಕಾನ್. ತಾಯಿಯ ವಯಸ್ಸು: ಐವತ್ತೆಂಟು.

ತನ್ನ ಹೆಸರು ಆ ಸಾಲಿನಲ್ಲಿ ಎಲ್ಲೂ ಇಲ್ಲ ಎನ್ನುವುದನ್ನು ಅವಳು ಎರಡು ಸಲ ಓದಿ ಖಚಿತಮಾಡಿಕೊಂಡಳು.

“ಐವತ್ತೆಂಟಕ್ಕೆ ಹೆತ್ತಳಾ?” ವೇರಾ ಹೆಗಲ ಮೇಲಿಂದ ಬಗ್ಗಿದಳು. “ಭಲೇ ಗಟ್ಟಿಗಿತ್ತಿ! ಯಾರಿವಳು?”

“ನನ್ನ ಅತ್ತೆ.”

ವೇರಾ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟಳು. ಅವಳೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು. ಚೊಚ್ಚಲ ಮೊಮ್ಮಗನ ರೂಢಿ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸಂಜೆ ಅಪಾ ನೆಲದ ಮೇಲೆ ಹಾಸಿದ ಹತ್ತಿಯ ಹಾಸಿನ ಮೇಲೆ ಕೂತು ಚಹಾ ಬಸಿಯುತ್ತಿದ್ದಳು. ಬೆಕ್ತುರ್ ಕಿಟಕಿಯ ಹತ್ತಿರ ಒಂದು ಕಲ್ಲಂಗಡಿ ಹೋಳಿನೊಂದಿಗೆ ಹೋರಾಡುತ್ತಿದ್ದ. ಜಿಪಾರ ಬಟ್ಟಲು ತೆಗೆದುಕೊಳ್ಳದೆ ಕೇಳಿದಳು:

“ಅಪಾ, ನಾನು ಆಸ್ಪತ್ರೆಯಿಂದ ಬಂದು ಜ್ವರದಲ್ಲಿ ಮಲಗಿದ್ದಾಗ ಇವನ ಜನನ ಪತ್ರ ತಗೊಂಡು ಎಲ್ಲಿಗೆ ಹೋಗಿದ್ರಿ?”

ಅಪಾಳ ಕೈ ನಿಲ್ಲಲಿಲ್ಲ. ಚಹಾದ ಧಾರೆಯೂ ತುಂಡಾಗಲಿಲ್ಲ. “ಐದು ವರ್ಷದ ಮೇಲೆ ಕೇಳ್ತಿದ್ದೀಯ?”

“ಐದು ವರ್ಷದ ಮೇಲೆ ಗೊತ್ತಾಯ್ತು.”

“ಶಿಶುವಿಹಾರಕ್ಕೆ ಹೋಗಿದ್ದೆ. ಹೆಸರು ಬರೆಸಿದೆ. ತಪ್ಪಾ?”

“ತಾಯಿ ಉಲ್ಕಾನ್ ಅಂತ ಬರೆಸಿದೀರಿ.”

“ಮತ್ತೆ? ಅವರು ತಾಯಿ ಯಾರು ಅಂದ್ರು. ಚೊಚ್ಚಲದವನು ಯಾರ ಪಾಲು? ನಾನು ಹೆತ್ತಾಗ ನನ್ನ ಮೊದಲನೆಯವನನ್ನೂ ನನ್ನ ಅತ್ತೆ ಹೀಗೇ ಎತ್ತಿಕೊಂಡ್ಲು. ನಾನು ಬಾಯಿ ಬಿಟ್ನಾ?”

“ನೀವು ಅತ್ತಿಲ್ವಾ?”

ಅಪಾ ಬಟ್ಟಲು ಮುಂದೆ ತಳ್ಳಿದಳು. “ಚಹಾ ಆರ್ತಿದೆ.”

ಜಿಪಾರ ಬಿಡಲಿಲ್ಲ. “ಹುಡುಗ ನಿಮ್ಮವನು ಅಂದ್ಮೇಲೆ ಬೆಟ್ಟಕ್ಕೆ ಕರ್ಕೊಂಡು ಹೋಗೋರು. ಪೇಟೆ ಶಿಶುವಿಹಾರ ಯಾಕೆ ಬೇಕಿತ್ತು?”

“ನೀನು ಮೂರನೇ ತಿಂಗಳಿಗೇ ಆಫೀಸಿಗೆ ಓಡೋಳು ಅಂತ ನಂಗೆ ಗೊತ್ತಿತ್ತು ಕಣೇ. ಹೊಟ್ಟೆ ಮೇಲೆ ಕಂಪ್ಯೂಟರ್ ಇಟ್ಕೊಂಡು ಹೆರಿಗೆಗೆ ಹೋದೋಳು! ನಿಮ್ಮಾವನೂ ನಾನೂ ಇಲ್ಲೇ ಬಂದು ಇರೋದು, ಹುಡುಗನ್ನ ಕೈ ಹಿಡಿದು ಶಿಶುವಿಹಾರಕ್ಕೆ ಬಿಟ್ಟು ಬರೋದು ಅಂದ್ಕೊಂಡಿದ್ವಿ. ಅಷ್ಟರಲ್ಲಿ ಆ ಮನುಷ್ಯ ಬಿದ್ದ.”

ಇದು ನಿಜವೋ, ಈಗ ಹೆಣೆದದ್ದೋ? ಜಿಪಾರ ಅತ್ತೆಯ ಮುಖ ನೋಡಿದಳು. ಬೆಟ್ಟದ ಬಿಸಿಲಿಗೆ ಸುಟ್ಟ ಆ ಮುಖದಲ್ಲಿ ಓದುವುದಕ್ಕೆ ಏನೂ ಇರಲಿಲ್ಲ.

“ಮೊನ್ನೆ ಶನಿವಾರ ಗಂಟು ಎಲ್ಲಿಗೆ ಹೋಯ್ತು?”

“ಓಹೋ! ಪೊಲೀಸಿನವರ ಮಗಳು!” ಅಪಾ ಮೊಣಕಾಲಿನ ಮೇಲೆ ಹೊಡೆದುಕೊಂಡಳು. “ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಆತ್‌ಬಾಶಿ ಕಾರಿನವನ ಹತ್ರ ಎರಡು ಸೀಟು ಹೇಳಿ ಬಂದೆ, ಈ ಭಾನುವಾರಕ್ಕೆ. ಗಂಟಲ್ಲಿ ಹುಡುಗನ ಚಳಿಗಾಲದ ಬಟ್ಟೆ ಇತ್ತು, ಮುಂದಾಗಿ ಕಳಿಸಿದೆ. ಸಾಕಾ?”

ಎರಡು ಸೀಟು. ಸೆಪ್ಟೆಂಬರಿಗೆ ಇನ್ನೂ ಹತ್ತು ದಿನ ಬಾಕಿಯಿತ್ತು. ಲಂಚ ಕೊಟ್ಟಳೆಂದು ಅನುಮಾನಿಸಿದವಳು ಅದಕ್ಕಿಂತ ಕೆಟ್ಟದ್ದನ್ನು ಹಿಡಿದಿದ್ದಳು. ಹಿಡಿದು ಏನೂ ಮಾಡುವಂತಿರಲಿಲ್ಲ.

“ಜಿಪಾರ, ಕೈ ಅಂಟಂಟು,” ಎಂದು ಹುಡುಗ ಕೂಗಿದ. ಇಬ್ಬರೂ ಒಟ್ಟಿಗೆ ಎದ್ದರು.

ಗುರುವಾರ ಜಿಪಾರಳಿಗೆ ವೇರಾಳ ಮಾತು ಬೆಳಿಗ್ಗೆಯಿಂದ ತಲೆಯಲ್ಲಿ ಕುಟುಕುತ್ತಿತ್ತು. ಐವತ್ತೆಂಟಕ್ಕೆ ಹೆತ್ತಳಾ? ಅವಳು ಹಳೆಯ ಪುಸ್ತಕದಿಂದ ಬಂದ ಸಾಲುಗಳಲ್ಲಿ ತಾಯಿಯ ವಯಸ್ಸು ಐವತ್ತು ದಾಟಿದವನ್ನೆಲ್ಲ ಒಂದು ಕಡೆ ಹಾಕಿದಳು. ಇದು ನೋಡುವುದು ಮಾತ್ರ, ಬದಲಾಯಿಸುವುದಲ್ಲ. ಬಂದದ್ದು ಮೂವತ್ತೆರಡು ಸಾಲು. ಅರುವತ್ತೊಂದು ವಯಸ್ಸಿನ ತಾಯಿ, ಐವತ್ತನಾಲ್ಕರ ತಾಯಿ, ಒಬ್ಬಳಂತೂ ಅರುವತ್ತೇಳು. ಎಲ್ಲರೂ ಚೊಚ್ಚಲ ಮೊಮ್ಮಕ್ಕಳ ಅಜ್ಜಿಯರು. ಪುಸ್ತಕ ಬರೆದವರೂ ಇದೇ ನಾಡಿನವರಾದ್ದರಿಂದ ಯಾರೂ ಹುಬ್ಬೇರಿಸಿರಲಿಲ್ಲ. ಮೂವತ್ತೆರಡು ಮಕ್ಕಳೂ ಸೋಮವಾರ ಸಂಜೆ ಒಟ್ಟಿಗೆ ಮೇಲೇರಿದ್ದರು. ತಾಯಂದಿರ ಗುಂಪಿನ ಕಣ್ಣಿಗೆ ಬಿದ್ದದ್ದು ಬೆಕ್ತುರನೊಬ್ಬನದು, ಯಾಕೆಂದರೆ ಅವನ ಅಜ್ಜಿ ಬಾಯಿ ಬಿಟ್ಟಿದ್ದಳು.

ಅವಳು ಪಟ್ಟಿಯನ್ನು ತಿಲೇಕನ ಮುಂದೆ ಇಟ್ಟಳು. ಅವನು ಮೇಲಿಂದ ಕೆಳಗೆ ಓದಿದ. ಇಪ್ಪತ್ತನೆಯ ಸಾಲಿಗೆ ಬಂದಾಗ ಅವನ ಕಿವಿ ಕೆಂಪಾಯಿತು.

“ಇದು ನನ್ನ ಅಣ್ಣನ ಮಗಳು,” ಎಂದ. “ನಮ್ಮಮ್ಮ ಬರೆಸಿದ್ದಾಳೆ. ನಮ್ಮಪ್ಪನ ಹೆಸರು ಹಾಕಿಸಿ!” ಪಟ್ಟಿಯಿಂದ ತಲೆಯೆತ್ತಿ ಕೇಳಿದ: “ಇದನ್ನ ಗೊತ್ತಿದ್ದೇ ತಂದ್ರಾ ಎಜೆ?”

“ನಿಮ್ಮಣ್ಣನ ಮಗಳ ಹೆಸರು ನಂಗೆ ಹೇಗೆ ಗೊತ್ತಾಗಬೇಕು?”

ಅನುಮಾನ ಈಗ ಮೇಜಿನ ಎರಡೂ ಕಡೆ ಸರಿಸಮನಾಗಿ ಕೂತಿತ್ತು. ತಿಲೇಕ್ ಮೊದಲ ಸಲ ಮನಸಾರೆ ನಕ್ಕ.

“ಕುದುರೆ ತುಳಿದಿದೆ,” ಎಂದ.

ಅವನು ಮರೆತಿರಲಿಲ್ಲ.

ಆಮೇಲೆ ಅವನು ಕೂಟದವರಿಗೆ ಫೋನು ಮಾಡಿ ಮಾತಾಡಿದ. ಅವರ ಮಾತು ಚಿಕ್ಕದಾಗಿತ್ತು: ಹಳೆಯ ಪುಸ್ತಕ ಸೇರಿಸಿ ಎಂದವರು ನಾವೇ; ಅಜ್ಜಿಯರ ಸಾಲುಗಳಿಗೆ ಏನು ನಿಯಮವೋ ನೀವೇ ಬರೆದು ತನ್ನಿ, ನ್ಯಾಯವಾಗಿ ಕಂಡರೆ ಒಪ್ಪುತ್ತೇವೆ.

“ನಿಯಮ ನಿಮ್ಮದು ಎಜೆ. ಸರಿಮಾಡೋದೂ ನೀವೇ,” ತಿಲೇಕ್ ಹೇಳಿದ. “ಏನು ಬರೀತೀರಿ?”

ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದ ಮೇಲೆ ಜಿಪಾರ ಒಬ್ಬಳೇ ಕೂತಳು. ಎರಡು ದಾರಿ ಕಾಣುತ್ತಿದ್ದವು. ‘ಮನೆಯ ಹಿರಿಯರು ಬರೆಸಿದರೂ ಬರೆಸಿದ್ದೇ’ ಎಂದು ಬರೆಯಬಹುದು. ಕೂಟದವರು ತಲೆಯಾಡಿಸುತ್ತಾರೆ, ಅವರ ಮನೆಯಲ್ಲೂ ಅಜ್ಜಿಯರಿದ್ದಾರೆ. ಬೆಕ್ತುರ್ ಒಂಬತ್ತರಲ್ಲೇ ಉಳಿಯುತ್ತಾನೆ, ಪೇಟೆಯಲ್ಲೇ ಉಳಿಯುತ್ತಾನೆ, ಕಣ್ಣೆದುರೇ ಇರುತ್ತಾನೆ. ಆದರೆ ಉಲ್ಕಾನಳ ಮಗನಾಗಿ ಉಳಿಯುತ್ತಾನೆ, ಯಂತ್ರದ ಒಳಗೂ. ಮೇಲಾಗಿ ಆ ನಿಯಮದ ಪಕ್ಕದಲ್ಲಿ ಜಿಪಾರ ಎಂಬ ಹೆಸರು ಇರುತ್ತದೆ. ಇನ್ನೈದು ವರ್ಷ ಬಿಟ್ಟು ಯಾರೋ ಒತ್ತಿ ನೋಡಿ, ‘ಓ, ಇವಳ ಮಗನಿಗೆ ಆವತ್ತು ಒಂಬತ್ತು ಬಂದಿತ್ತಲ್ಲ’ ಎನ್ನುತ್ತಾರೆ.

ಇನ್ನೊಂದು ದಾರಿ: ತಂದೆ ತಾಯಿ ಬರೆಸಿದ್ದು ಮಾತ್ರ ಲೆಕ್ಕಕ್ಕೆ. ಅಜ್ಜಿಯರದ್ದು ಪೋಷಕರೆಂಬ ಕಾಗದ ಇದ್ದರಷ್ಟೇ. ಹಾಗೆ ಬರೆದರೆ ಹುಡುಗ ಇನ್ನೂರ ಹದಿನಾಲ್ಕಕ್ಕೆ ಇಳಿಯುತ್ತಾನೆ, ಭಾನುವಾರ ಕಾರು ಹತ್ತುತ್ತಾನೆ.

ಅವಳು ತಂದಿದ್ದ ರೊಟ್ಟಿಯನ್ನು ಬಿಚ್ಚಲೇ ಇಲ್ಲ. ಮೊದಲ ದಾರಿಯನ್ನೇ ಬರೆದಳು. ಓದಿದಳು. ಅಂದವಾಗಿತ್ತು, ಯಾರೂ ಬೆರಳು ತೋರಿಸುವಂತಿರಲಿಲ್ಲ. ತಾಯಿಯ ಜಾಗದಲ್ಲಿ ಅಜ್ಜಿಯ ಹೆಸರು ಉಳಿಯುವ ಆ ಸಾಲನ್ನು ಮೂರನೆಯ ಸಲ ಓದಿದಳು. ಎಲ್ಲವನ್ನೂ ಅಳಿಸಿ, ಎರಡನೆಯದನ್ನು ಬರೆದಳು. ಅದಕ್ಕೆ ಏಳೇ ಸಾಲು ಸಾಕಾಯಿತು.

ತಿಲೇಕ್ ಅದನ್ನು ಒಂದೇ ಸಲಕ್ಕೆ ಒಪ್ಪಲಿಲ್ಲ. ಎರಡು ಕಡೆ ತಪ್ಪು ತೋರಿಸಿ ತಿರುಗಿಸಿ ಕಳಿಸಿದ. ತಪ್ಪುಗಳು ನಿಜವಾದವೇ ಆಗಿದ್ದವು. ಅವಳು ತಿದ್ದಿ ಕೊಟ್ಟಳು. ಶುಕ್ರವಾರ ಕೂಟದವರು ಬಂದರು, ಕಂದು ಹೊದಿಕೆಯ ಪುಸ್ತಕ ನೋಡಿದರು, ಅರುವತ್ತೇಳರ ತಾಯಿಯನ್ನು ನೋಡಿ ನಕ್ಕರು, ನಿಯಮಕ್ಕೆ ಸಹಿ ಹಾಕಿದರು. ಮಧ್ಯಾಹ್ನ ಮೂರು ಗಂಟೆಗೆ ಪಟ್ಟಿ ಹೊಸದಾಗಿ ನಿಂತಿತು. ಪುಸ್ತಕದ ಉಳಿದ ಮಕ್ಕಳು ಮೊದಲೇ ಇವನಿಗಿಂತ ಮುಂದಿದ್ದವರಾದ್ದರಿಂದ ಬೆಕ್ತುರ್ ಮತ್ತೆ ಅಲ್ಲಿಗೇ: ಇನ್ನೂರ ಹದಿನಾಲ್ಕು. ತಾಯಂದಿರ ಗುಂಪಿನಲ್ಲಿ ಒಬ್ಬಳು ಬರೆದಳು: ‘ಸಿಕ್ಕಿಬಿದ್ದ ಮೇಲೆ ವಾಪಸ್ ಇಟ್ಟಿದ್ದಾಳೆ.’

ಪಟ್ಟಿ ಬದಲಾಯಿಸುವ ಹಕ್ಕನ್ನು ತಿಲೇಕ್ ವಾಪಸು ಕೊಟ್ಟ. “ಆದ್ರೆ ಇನ್ಮೇಲೆ ಏನೇ ಬದಲಾಯಿಸಿದ್ರೂ ಇಬ್ಬರು ನೋಡಬೇಕು. ನಿಮಗೊಬ್ಬರಿಗೇ ಅಲ್ಲ, ಎಲ್ಲರಿಗೂ.” ಅವನು ಆಚೆ ಹೋದ ಮೇಲೆ ಜಿಪಾರ ಎಲ್ಲರ ಹೆಸರೂ ತೆರೆದು ನೋಡಿದಳು. ನಿಜವಾಗಿಯೂ ಎಲ್ಲರಿಗೂ ಹಾಗೇ ಇತ್ತು. ಚಹಾದ ಮೂಲೆಯಲ್ಲಿ ವೇರಾಳ ಸಕ್ಕರೆ ಡಬ್ಬಿಗೆ ಮುಚ್ಚಳವಿತ್ತು. “ಬೇಕಾದ್ರೆ ತಗೋ,” ಎಂದಳು ವೇರಾ. “ಆದ್ರೆ ಮುಚ್ಚಿಡು.”

ಮನೆಯಲ್ಲಿ ಅಪಾ ಬಾಗಿಲಲ್ಲೇ ಕೇಳಿದಳು: “ಎಷ್ಟು?”

“ಇನ್ನೂರ ಹದಿನಾಲ್ಕು.”

“ಒಂಬತ್ತು ಅಂತಿದ್ರಲ್ಲ ಬಯಲಲ್ಲಿ?”

“ನಿಮ್ಮ ಸಾಲು ತೆಗೆದೆ ಅಪಾ. ಅಜ್ಜಿಯರು ಬರೆಸಿದ್ದು ಲೆಕ್ಕಕ್ಕಿಲ್ಲ ಅಂತ ನಿಯಮ ಬರೆದೆ.”

ಅಪಾ ಗೋಡೆ ಹಿಡಿದು ನಿಧಾನವಾಗಿ ಹಾಸಿನ ಮೇಲೆ ಕೂತಳು. “ನಾನು ಇವನ ತಾಯಿ ಅಲ್ಲ ಅಂತ ಮೆಷೀನಲ್ಲಿ ಬರೆದು ಬಂದ್ಯಾ?”

“ಮೂವತ್ತೆರಡು ಜನಕ್ಕೆ ಬರೆದೆ. ನಿಮಗೊಬ್ಬರಿಗೇ ಅಲ್ಲ.”

“ಬರೀದೆ ಇದ್ದಿದ್ರೆ ಜಾಗ ಸಿಗ್ತಿತ್ತು?”

“ಸಿಗ್ತಿತ್ತು.”

“ಹುಡುಗ ನಿನ್ನ ಹತ್ರಾನೇ ಇರ್ತಿದ್ದ?”

“ಇರ್ತಿದ್ದ.”

“ಈಗ ನನ್ನ ಜೊತೆ ಬರ್ತಾನೆ ಅಂತ ಗೊತ್ತಿದ್ದೂ ಬರೆದ್ಯಾ?”

“ಗೊತ್ತಿದ್ದೂ ಬರೆದೆ.”

ಅಪಾ ಕಣ್ಣು ಕಿರಿದು ಮಾಡಿ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕುರಿ ಸಂತೆಯಲ್ಲಿ ಕಡಿಮೆ ಬೆಲೆ ಹೇಳುವವನನ್ನು ನೋಡುವ ನೋಟ ಅದು.

“ಇದರಲ್ಲಿ ಏನೋ ಇದೆ,” ಎಂದಳು.

ಶನಿವಾರ ಜಿಪಾರ ಹುಡುಗನ ಸಣ್ಣ ಚೀಲ ಕಟ್ಟಿದಳು: ಎರಡು ಅಂಗಿ, ಬಣ್ಣದ ಪೆನ್ಸಿಲ್ಲು, ಕೆಮ್ಮಿನ ಔಷಧ. ಅಪಾ ಬಂದು ಚೀಲ ಬಿಚ್ಚಿ ನೋಡಿದಳು, ಒಂದೊಂದನ್ನೂ ಝಾಡಿಸಿದಳು, ಔಷಧದ ಮುಚ್ಚಳ ತೆಗೆದು ಮೂಸಿದಳು, ಎಲ್ಲವನ್ನೂ ಮತ್ತೆ ಹಾಕಿದಳು.

ಭಾನುವಾರ ಎಂಟು ಗಂಟೆಗೆ ಕೆಳಗೆ ಕಾರು ಬಂದು ಹಾರನ್ ಹೊಡೆಯಿತು. ಬೆಕ್ತುರ್ ಬೂಟು ಹಾಕಿಕೊಂಡು ನಿಂತಿದ್ದ. ಜಿಪಾರ ಅಡುಗೆಮನೆಯಲ್ಲಿ ದಾರಿಗೆಂದು ಕರಿದ ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಗಂಟು ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಎರಡನೆಯ ಸಲ ಹಾರನ್ ಆಯಿತು. ಬಾಲ್ಕನಿಯಿಂದ ಅಪಾಳ ದನಿ ಕೇಳಿಸಿತು. ಆ ದನಿ ಬೆಟ್ಟದ ಈ ಬದಿಯಿಂದ ಆ ಬದಿಯ ಕುರಿಗಳನ್ನು ಕರೆಯುವ ದನಿ. ಇಡೀ ಕಟ್ಟಡಕ್ಕೆ ಕೇಳಿಸಿರಬೇಕು:

“ಹೋಗಪ್ಪಾ ನೀನು! ಇವತ್ತಿಲ್ಲ!”

“ಏನಾಯ್ತು ಅಪಾ? ಹುಷಾರಿಲ್ವಾ?” ಕೆಳಗಿನಿಂದ ಡ್ರೈವರು.

“ಹುಷಾರಾಗೇ ಇದ್ದೀನಿ! ನನ್ನ ಸೊಸೆ ತಾನೇ ಹುಡುಗನ್ನ ಬಿಟ್ಟು ಕೊಡ್ತಿದ್ದಾಳೆ. ಏನು ಹೂಡಿದ್ದಾಳೆ ಅಂತ ಗೊತ್ತಾಗೋವರೆಗೂ ನಾನು ಈ ಮನೆ ಬಿಟ್ಟು ಅಲ್ಲಾಡಲ್ಲ!”

ಕಾರು ಹೋಯಿತು. ಅಪಾ ಒಳಗೆ ಬಂದು ಹುಡುಗನ ಬೂಟು ಬಿಚ್ಚಿದಳು. ಸೊಸೆಯ ಕಡೆ ನೋಡದೆ, “ಆ ಬಟ್ಟಲಿಗೆ ಚಹಾ ಬಸಿ,” ಎಂದಳು.

ಸೆಪ್ಟೆಂಬರ್ ಒಂದು ಬಂತು, ಹೋಯಿತು. ನಲವತ್ತು ಮಕ್ಕಳು ಶಿಶುವಿಹಾರಕ್ಕೆ ಸೇರಿದರು. ಉಳಿದವರು ಅಷ್ಟಷ್ಟು ಮುಂದೆ ಸರಿದರು. ಅಪಾ ಆಟದ ಬಯಲಿನಲ್ಲಿ ಈಗ ಬಾಯಿ ಬಿಡುವುದಿಲ್ಲ; ಕೇಳುವುದು ಮಾತ್ರ. ಬೆಳಿಗ್ಗೆ ಜಿಪಾರ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಬಾಗಿಲಿಗೆ ಅಡ್ಡ ನಿಂತು ಲೆಕ್ಕ ಕೇಳುತ್ತಾಳೆ.

“ಇವತ್ತೆಷ್ಟು?”

“ನೂರ ಎಪ್ಪತ್ತೆರಡು.”

“ನಿನ್ನೆ ನೂರ ಎಪ್ಪತ್ತಮೂರು ಅಂದಿದ್ದೆ.”

“ಒಬ್ಬರು ಊರು ಬಿಟ್ಟು ಹೋಗಿರ್ತಾರೆ ಅಪಾ.”

“ಯಾರು? ಎಲ್ಲಿಗೆ? ನೀನೇನಾದ್ರೂ ಕೈಯಾಡಿಸಿದ್ಯಾ?”

“ಇಲ್ಲ ಅಪಾ. ಇಬ್ಬರು ನೋಡದೆ ನಾನು ಏನೂ ಮುಟ್ಟೋ ಹಾಗಿಲ್ಲ.”

“ಮೂರನೆಯವಳು ನಾನಿದ್ದೀನಿ,” ಎಂದು ಅಪಾ ದಾರಿ ಬಿಡುತ್ತಾಳೆ. “ಹೋಗು. ತಡ ಮಾಡಿದ್ರೆ ಅದಕ್ಕೂ ಏನಾದ್ರೂ ಅಂತಾರೆ.”